ನೀವು ಕೇಳೀರೇನ್ರಿ, ಸಾವ್ಕಾರ್ರ?

ಶಹಾಬಾದಿನ ಒಂದು ಪಾಲಿಶ್ ಶೆಡ್ಡಿನ ಗೇಟಿನ ಬದಿಗೆ ಒಡೆದ ಫರಸಿಯ ಗುಡ್ಡೆಯೊಂದು ಸದಾ ಬಿದ್ದಿರುತ್ತಿತ್ತು. ಮೂಲೆ ಮುರಿದವು, ನಡು ಸೀಳಿದವು, ಕನ್ನಡಿಯಂತೆ ಹೊಳೆಯುತ್ತಲೇ ಎರಡು ತುಂಡಾದವು. ನೋಡಿ ನೋಡಿ ಮಾಲೀಕರಿಗೆ ಅದು ಕಣ್ಣಿಗೆ ಬೀಳುವುದೇ ನಿಂತುಹೋಗಿತ್ತು. ‘ಕಲ್ಲಿನ ಧಂದೆದಾಗ ಒಡೆಯೋದು ಇದ್ದದ್ದ’ ಎನ್ನುತ್ತಿದ್ದರು. ಖಣಿಯಿಂದ ತಂದ ಬಾಡಿಗೆ, ಬ್ಲೇಡಿನ ಸವಕಲು, ಕರೆಂಟು, ಪಾಲಿಶ್ ಕೂಲಿ ಎಲ್ಲ ಮುಗಿದು, ಇನ್ನೇನು ಲಾರಿ ಏರಬೇಕು ಎನ್ನುವಾಗ ಒಡೆದ ಕಲ್ಲುಗಳವು. ಖರ್ಚು ಪೂರ್ತಿ ಆದಮೇಲೆ ಕೈಬಿಟ್ಟ ಮಾಲು.

ನಾನು ಅಲ್ಲಿ ಕೂತಿದ್ದ ಒಂದು ಮಧ್ಯಾಹ್ನ ಲೋಡಿಂಗ್ ಮಾಡುವ ಹಿರಿಯರೊಬ್ಬರು ಚಹಾ ಕುಡಿಯಲು ಬಂದರು. ಸುಮ್ಮನೆ ಮಾತಿಗೆಂದು, ಕಲ್ಲು ಯಾಕೆ ಇಷ್ಟು ಒಡೆಯುತ್ತದೆ ಎಂದು ಕೇಳಿದೆ. ಅವರು ಒಂದು ಕ್ಷಣವೂ ತಡೆಯಲಿಲ್ಲ. ‘ವಾಡಿ ಸ್ಟೇಷನ್ ನೋಡೀರಿಲ್ರಿ? ಗಾಡಿ ಬಾಗ್ಲಾ, ಪ್ಲಾಟ್‌ಫಾರ್ಮು ಹೆಚ್ಚುಕಮ್ಮಿ ಸಮ ಇರ್ತಾವ. ನಮ್ಮಲ್ಲಿ ಲಾರಿ ಎದಿಮಟ ಎತ್ತರ. ಕೆಳಗಿನವ್ರು ಎತ್ತಿ ಕೊಡ್ತಾರ, ಮ್ಯಾಲಿನವ ಬಗ್ಗಿ ಹಿಡೀತಾನ. ಆ ಕೈ ಬದಲಾಗೋದ್ರಾಗ ಒಡೀತದ. ಲಾರಿ ನಿಲ್ಲೋ ಜಾಗಾ ತಗ್ಗು ತೆಗೆದ್ರ ನಡಕೊಂತ ಹೋಗಿ ಇಡಬಹುದು, ನೋಡ್ರಿ.’

ಮಾಲೀಕರು ಬೆಪ್ಪಾದರು. ಆ ಮನುಷ್ಯ ಅಲ್ಲಿ ಹನ್ನೊಂದು ವರ್ಷದಿಂದ ದುಡಿಯುತ್ತಿದ್ದ. ‘ಇಷ್ಟು ವರ್ಷ ಯಾಕ ಹೇಳ್ಲಿಲ್ಲ ಕಾಕಾ?’ ಎಂದರು.

‘ನೀವು ಕೇಳೀರೇನ್ರಿ, ಸಾವ್ಕಾರ್ರ?’

ಈ ಲೇಖನ ಆ ಪ್ರಶ್ನೆಯನ್ನು ಹಿಡಿದು ಬರೆದದ್ದು. ಐದು ಜನ, ಹದಿನೈದು ಜನ, ಹೆಚ್ಚೆಂದರೆ ನಲವತ್ತು ಜನರನ್ನು ಇಟ್ಟುಕೊಂಡು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆ ಶೆಡ್ಡು, ಮಿಲ್ಲು, ಅಂಗಡಿ, ಗ್ಯಾರೇಜು, ಖಾನಾವಳಿ ನಡೆಸುವವರಿಗಾಗಿ. ಆಳುಗಳ ತಲೆಯಲ್ಲಿರುವುದು ನಿಮ್ಮ ಗಲ್ಲಾಪೆಟ್ಟಿಗೆಯವರೆಗೆ ಬರಬೇಕಾದರೆ ನಡುವೆ ಏನೇನು ತೆರವಾಗಬೇಕು ಎಂಬುದಷ್ಟೇ ವಿಷಯ.

ನಮ್ಮ ನೆಲದ ವಿಚಿತ್ರ ನೋಡಿ. ಕೆಳಗಿರುವುದು ಒಂದೇ ಸುಣ್ಣದ ಕಲ್ಲು. ಅದೇ ಪದರಪದರವಾಗಿ ಎದ್ದು ಫರಸಿಯಾಗುತ್ತದೆ, ಅದೇ ಸುಟ್ಟು ಸಿಮೆಂಟಾಗುತ್ತದೆ, ಅದರ ಮೇಲಿನ ಕರಿಮಣ್ಣಿನ ಕ್ಯಾಲ್ಸಿಯಂ ತೊಗರಿಗೆ ರುಚಿ ಕೊಡುತ್ತದೆ. ಆ ರುಚಿಗೇ 2019ರಲ್ಲಿ ಗುಲಬರ್ಗಾ ತೊಗರಿ ಬೇಳೆಗೆ ಭೌಗೋಳಿಕ ಸೂಚಕ ಸಿಕ್ಕಿತು. ಆದರೆ ಈ ಒಂದೇ ಕಲ್ಲಿನ ಮೇಲೆ ಎರಡು ಲೋಕಗಳಿವೆ. ಒಂದು ಕಡೆ ವಾಡಿ, ಸೇಡಂ, ಮಳಖೇಡದ ದೊಡ್ಡ ಸಿಮೆಂಟ್ ಕಾರ್ಖಾನೆಗಳು. ಅಂಥ ದೊಡ್ಡ ಕಾರ್ಖಾನೆಗಳಲ್ಲಿ ಪಾಳಿ ಶುರುವಾಗುವ ಮುಂಚೆ ಸುರಕ್ಷತೆಯ ಮಾತು, ಸಲಹೆಗೆ ಒಂದು ನಮೂನೆ, ಒಳ್ಳೆಯ ಸಲಹೆಗೆ ಬಹುಮಾನ ಇರುವುದು ಸಾಮಾನ್ಯ. ಗೋಡೆಯ ಆಚೆ ನೂರಾರು ಸಣ್ಣ ಘಟಕಗಳು. ಅಲ್ಲಿ ವಿಚಾರ ಮಾಡುವ ತಲೆ ಒಂದೇ, ಅದು ಮಾಲೀಕರದು, ಉಳಿದವರೆಲ್ಲ ಕೈಗಳು. ಅದೇ ಊರಿನ ಅದೇ ಮನುಷ್ಯ ಕಾರ್ಖಾನೆಯಲ್ಲಿದ್ದಾಗ ಸಲಹೆ ಬರೆದುಕೊಟ್ಟು ಕಪ್ಪು ಗೆದ್ದಿರಬಹುದು, ನಿವೃತ್ತನಾಗಿ ನಮ್ಮ ಶೆಡ್ಡಿಗೆ ಬಂದ ಮೇಲೆ ಬಾಯಿ ಮುಚ್ಚಿಕೊಂಡಿರುತ್ತಾನೆ.

ಕೇಳುವ ಈ ಪದ್ಧತಿ ಹೊಸದೇನಲ್ಲ, ಬಹಳ ದೂರದ್ದೂ ಅಲ್ಲ. ಅಮೆರಿಕದ ಕೊಡ್ಯಾಕ್ ಕಂಪನಿ 1898ರಲ್ಲಿ ಕಾರ್ಮಿಕರ ಸಲಹೆ ಕೇಳಲು ಶುರುಮಾಡಿದಾಗ ಮೊದಲ ಬಹುಮಾನ, ಎರಡು ಡಾಲರ್, ಸಿಕ್ಕಿದ್ದು ಯಾವ ಯಂತ್ರದ ಸುಧಾರಣೆಗೂ ಅಲ್ಲ. ಕಿಟಕಿಯ ಗಾಜು ತೊಳೆದರೆ ಒಳಗೆ ಬೆಳಕು ಬರುತ್ತದೆ ಎಂದು ಒಬ್ಬ ಕೆಲಸಗಾರ ಹೇಳಿದ್ದ. ನಮ್ಮ ಪಾಲಿಶ್ ಶೆಡ್ಡುಗಳ ತಗಡಿನ ಮೇಲೆ ಕೂತ ಧೂಳು ನೋಡಿದಾಗೆಲ್ಲ ನನಗೆ ಆ ಎರಡು ಡಾಲರ್ ನೆನಪಾಗುತ್ತದೆ. ಜಪಾನಿನ ಟೊಯೊಟಾ 1951ರಲ್ಲಿ ಇಂಥದೇ ಪದ್ಧತಿ ತಂದಿತು. ಅದರ ಹಿರಿಯರು ಹಿಂದಿನ ವರ್ಷ ಅಮೆರಿಕದ ಫೋರ್ಡ್ ಕಾರ್ಖಾನೆಯಲ್ಲಿ ಅದನ್ನು ಕಂಡುಬಂದಿದ್ದರು.

ಚಿಂಚೋಳಿ ತಾಲೂಕಿನ ಕುಂಚಾವರಂನಿಂದ ಗಡಿ ದಾಟಿ ಜಹೀರಾಬಾದಿಗೆ ಬಂದು ಹೈದರಾಬಾದಿನ ಹೆದ್ದಾರಿ ಹಿಡಿದವರಿಗೆ ರಾಮಚಂದ್ರಾಪುರಂನ ಬಿಎಚ್‌ಇಎಲ್ ಗೊತ್ತು. ಆ ಕಡೆ ಗೌಂಡಿ ಕೆಲಸಕ್ಕೆ ಹೋಗುವ ನಮ್ಮ ತಾಂಡಾದವರು ಅದರ ಗೇಟಿನ ಮುಂದೆಯೇ ಬಸ್ ಇಳಿಯುತ್ತಾರೆ. ಭಾರತದ ಮೊದಲ ‘ಕ್ವಾಲಿಟಿ ಸರ್ಕಲ್’ಗಳು ಹುಟ್ಟಿದ್ದು ಅಲ್ಲಿ, 1980ರ ದಶಕದ ಆರಂಭದಲ್ಲಿ. ಒಂದೇ ವಿಭಾಗದ ಕೆಲವು ಕಾರ್ಮಿಕರು ವಾರಕ್ಕೊಮ್ಮೆ ಕೂತು ತಮ್ಮ ಕೆಲಸದ ತೊಡಕನ್ನು ತಾವೇ ಬಿಡಿಸುವ ಸಣ್ಣ ಕೂಟಗಳು ಅವು. ಅದನ್ನು ಅಲ್ಲಿ ನೆಲೆಗೊಳಿಸಿದವರು ಎಸ್. ಆರ್. ಉಡುಪ. 1982ರಲ್ಲಿ ಸಿಕಂದರಾಬಾದಿನಲ್ಲಿ ಇದಕ್ಕಾಗಿಯೇ ರಾಷ್ಟ್ರೀಯ ವೇದಿಕೆಯೊಂದು ಹುಟ್ಟಿತು. ಅಷ್ಟು ಹತ್ತಿರ ಹುಟ್ಟಿದ್ದು ನಮ್ಮ ಮಿಲ್ಲಿನ ಅಂಗಳದವರೆಗೆ ಯಾಕೆ ಬರಲಿಲ್ಲ? ಆ ಕೂಟಗಳಿಗೆ ಚಾರ್ಟು, ಗ್ರಾಫು, ಪ್ರೆಸೆಂಟೇಶನ್ನು ಅಂಟಿಕೊಂಡವು. ಸಣ್ಣವರು ದೂರದಿಂದಲೇ ನೋಡಿ ‘ಅದು ದೊಡ್ಡೋರದು’ ಎಂದು ಬಿಟ್ಟರು ಎಂಬುದು ನನ್ನ ಅನಿಸಿಕೆ. ತಿರುಳು ಮಾತ್ರ ಬಹಳ ಸರಳ. ಕೇಳುವುದು, ಕೇಳಿದ್ದಕ್ಕೆ ಉತ್ತರ ಕೊಡುವುದು.

ಕೇಳುವುದು ಹೇಗೆ?

‘ಏನಾದ್ರೂ ಐಡಿಯಾ ಇದ್ರ ಹೇಳ್ರಪ್ಪಾ’ ಎಂದು ಕೇಳಬೇಡಿ. ಅದಕ್ಕೆ ಸಿಗುವ ಉತ್ತರ ‘ಏನಿಲ್ರಿ, ಎಲ್ಲಾ ಬರೋಬರಿ ಅದ’. ಪ್ರಶ್ನೆ ಸಣ್ಣದಾಗಿರಬೇಕು, ಬೊಟ್ಟು ಮಾಡಿ ತೋರಿಸುವಂತಿರಬೇಕು. ‘ನಿನ್ನೆ ಆರು ಕಲ್ಲು ಒಡದಾವ, ಎಲ್ಲಿ ಒಡದ್ವು?’ ‘ಈ ಮಷೀನು ವಾರದಾಗ ಎರಡ ಸಲ ನಿಲ್ತದ, ನಿಲ್ಲೋಕಿಂತ ಮೊದಲ ಏನ್ ಸಪ್ಪಳ ಮಾಡ್ತದ?’ ‘ನಿನಗ ದಿನದಾಗ ಯಾವ ಕೆಲಸ ಎರಡೆರಡು ಸಲ ಮಾಡಬೇಕಾಗ್ತದ?’ ಈ ಮೂರನೆಯ ಪ್ರಶ್ನೆ ನನಗೆ ಎಲ್ಲಕ್ಕಿಂತ ಇಷ್ಟ. ಎರಡು ಸಲ ಮಾಡುವ ಕೆಲಸದಲ್ಲಿ ಮಾಲೀಕನ ದುಡ್ಡು ಹೋಗುತ್ತದೆ, ಆಳಿನ ಬೆನ್ನು ನೋಯುತ್ತದೆ. ಹಾಗಾಗಿ ಉತ್ತರ ಹುಡುಕಲು ಇಬ್ಬರಿಗೂ ಕಾರಣವಿದೆ.

ಕೇಳುವ ಹೊತ್ತು ಮುಖ್ಯ. ಪಗಾರ ಹಂಚುವ ದಿನ ಬೇಡ, ಅಂದು ಎಲ್ಲರ ಲೆಕ್ಕ ಬೇರೆ. ಪಗಾರ ಬಾಕಿ ಇರುವಾಗಂತೂ ಬೇಡವೇ ಬೇಡ. ಎರಡು ವಾರದ ಕೂಲಿ ಉಳಿಸಿಕೊಂಡು ‘ಕಂಪನಿ ಬೆಳೆಸೋಣ, ವಿಚಾರ ಹೇಳ್ರಿ’ ಎನ್ನುವ ಮಾಲೀಕರನ್ನು ನಾನು ನೋಡಿದ್ದೇನೆ. ಆಳುಗಳು ಪರಸ್ಪರ ಮುಖ ನೋಡಿಕೊಂಡದ್ದನ್ನೂ ನೋಡಿದ್ದೇನೆ. ಬೆಳಗಿನ ಚಹಾದ ಹತ್ತು ನಿಮಿಷ ಒಳ್ಳೆಯದು. ಕಚೇರಿಯ ಕುರ್ಚಿಗೆ ಕರೆಯಬೇಡಿ. ನೀವೇ ಮಷೀನಿನ ಹತ್ತಿರ ಹೋಗಿ ನಿಲ್ಲಿ. ಕಚೇರಿಗೆ ಕರೆದರೆ ನಮ್ಮ ಕಡೆಯ ಮನುಷ್ಯನಿಗೆ ಮೊದಲು ಹೊಳೆಯುವುದು ‘ಏನ್ ತಪ್ಪಾಯ್ತೋ’ ಎಂದು.

ಭಾಷೆ ಇನ್ನೂ ಮುಖ್ಯ. ಕುಂಚಾವರಂ ಸುತ್ತಿನ ಒಂದು ಸಣ್ಣ ಘಟಕದಲ್ಲಿ ಹತ್ತು ಜನರಿದ್ದರೆ ಕನ್ನಡ, ತೆಲುಗು, ಲಂಬಾಣಿ, ದಖನಿ ಉರ್ದು ನಾಲ್ಕೂ ಕಿವಿಗೆ ಬೀಳಬಹುದು. ಅಲ್ಲಿ ಗೋಡೆಗೆ ಸಲಹಾ ಪೆಟ್ಟಿಗೆ ಹಾಕಿ, ‘ನಿಮ್ಮ ಅಮೂಲ್ಯ ಅಭಿಪ್ರಾಯ ಬರೆದು ಹಾಕಿ’ ಎಂದು ಅಂಟಿಸಿದರೆ ಅದರೊಳಗೆ ಬೀಳುವುದು ಗುಟ್ಕಾ ಪ್ಯಾಕೆಟ್ಟು. ಪೆಟ್ಟಿಗೆಯ ಬದಲು ವಾಟ್ಸಾಪ್ ಧ್ವನಿ ಸಂದೇಶ ಹೇಳಿ ನೋಡಿ. ಓದು ಬರಹ ಬಾರದವರೂ ಈಗ ಮಕ್ಕಳಿಗೆ, ನೆಂಟರಿಗೆ ಧ್ವನಿ ಕಳಿಸುತ್ತಾರೆ. ತಾಂಡಾದ ಹೆಣ್ಣುಮಗಳು ತನ್ನ ಭಾಷೆಯಲ್ಲೇ ಹೇಳಲಿ. ಕೇಳಿ ತಿಳಿಸಲು ಜೊತೆಯವರಿದ್ದಾರೆ. ಗುಂಪಿನಲ್ಲಿ ಮಾತ್ರ ಬೇಡ, ನಿಮಗೊಬ್ಬರಿಗೇ ಬರಲಿ. ಹತ್ತು ಜನರ ಮುಂದೆ ನಗೆಪಾಟಲಾಗುವ ಭಯ ಎಲ್ಲ ಭಾಷೆಯವರಿಗೂ ಒಂದೇ.

ಇನ್ನೊಂದು, ನಮ್ಮ ಭಾಗದವರೇ ಗಮನಿಸದ ದೊಡ್ಡ ಭಂಡಾರ: ವಲಸೆ ಹೋಗಿ ಬಂದವರು. ಚಿಂಚೋಳಿ ತಾಲೂಕಿನ ತಾಂಡಾಗಳಿಂದ ವರ್ಷದಲ್ಲಿ ಹಲವು ತಿಂಗಳು ಜನ ಹೈದರಾಬಾದ್, ಪುಣೆ, ಮುಂಬೈ ಕಡೆಗೆ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ಹೋಳಿಗೆ, ದೀಪಾವಳಿಗೆ ಊರಿಗೆ ಬರುತ್ತಾರೆ. ನಾವು ಕಳಿಸಿದ ಫರಸಿಯನ್ನು ಅಲ್ಲಿ ಹಾಸುವವರು, ಅಥವಾ ಹಾಸುವ ಮೇಸ್ತ್ರಿಗೆ ಎತ್ತಿಕೊಡುವವರು ಅವರೇ. ಯಾವ ಸೈಜಿನ ಕಲ್ಲನ್ನು ಅಲ್ಲಿ ಮತ್ತೆ ಕೊರೆಯುತ್ತಾರೆ, ದಪ್ಪ ಹೆಚ್ಚುಕಮ್ಮಿ ಬಂದರೆ ಮೇಸ್ತ್ರಿ ಏನು ಬೈಯುತ್ತಾನೆ, ನಮ್ಮ ಕಲ್ಲು ಬಿಟ್ಟು ಟೈಲ್ಸ್ ಕಡೆಗೆ ಗಿರಾಕಿ ಯಾಕೆ ಹೋದ ಎಂಬುದೆಲ್ಲ ಅವರ ಕಣ್ಣ ಮುಂದೆ ನಡೆದಿರುತ್ತದೆ. ಇದನ್ನು ತಿಳಿಯಲು ಕಂಪನಿಗಳು ಏಜೆನ್ಸಿಗೆ ಲಕ್ಷಗಟ್ಟಲೆ ಕೊಡುತ್ತವೆ. ನಮ್ಮಲ್ಲಿ ಅದು ಲೋಡಿಂಗ್ ಮಾಡುವವನ ತಮ್ಮನ ತಲೆಯಲ್ಲಿ ಕೂತಿದೆ, ಹೋಳಿ ಮುಗಿದ ಮೇಲೆ ಮತ್ತೆ ಬಸ್ ಹತ್ತುತ್ತದೆ. ಹಬ್ಬದ ವಾರದಲ್ಲಿ ಅಂಥ ನಾಲ್ವರನ್ನು ಶೆಡ್ಡಿಗೆ ಕರೆದು, ಆ ದಿನದ ಹಾಜರಿ ಕೊಟ್ಟು, ಕಲ್ಲು ಮುಂದಿಟ್ಟು ಮಾತಾಡಿಸಿ. ಹಾಜರಿ ಕೊಡುವುದನ್ನು ಮರೆಯಬೇಡಿ. ತಿಳಿವಳಿಕೆಗೂ ಕೂಲಿಯಿದೆ ಎಂಬುದು ಅವರಿಗೆ ಅಂದೇ ಗೊತ್ತಾಗಲಿ.

ಒಂದು ಬೇಳೆ ಮಿಲ್ಲಿನ ಲೆಕ್ಕ

ಮಾತು ಗಾಳಿಯಲ್ಲಿ ಬೇಡ, ತಕ್ಕಡಿಗೆ ಹಾಕೋಣ. ತೊಗರಿ ಕಾಳಿನಲ್ಲಿ ಸಿಪ್ಪೆ ಕಳೆದು ಸಿಗಬಹುದಾದ ಬೇಳೆ ಶೇ. 85ರ ಸುಮಾರು. ಸಾಮಾನ್ಯ ಮಿಲ್ಲಿಗೆ ದಕ್ಕುವುದು 70ರಿಂದ 75. ಉಳಿದದ್ದು ಹೊಟ್ಟು, ನುಚ್ಚು, ಹುಡಿಯಾಗಿ ದನದ ಮೇವಿಗೆ ಹೋಗುತ್ತದೆ. ದಿನಕ್ಕೆ 50 ಕ್ವಿಂಟಲ್ ಕಾಳು ಒಡೆಯುವ ಮಿಲ್ಲು ಎಂದುಕೊಳ್ಳಿ. ಇಳುವರಿ ಶೇ. 1 ಹೆಚ್ಚಿದರೆ ದಿನಕ್ಕೆ 50 ಕಿಲೋ ಬೇಳೆ ಹೆಚ್ಚು. ಬೇಳೆ ಕಿಲೋಗೆ 100 ರೂಪಾಯಿ, ಅದೇ ಮಾಲು ನುಚ್ಚಾಗಿ ಹೋದರೆ 20 ರೂಪಾಯಿ ಎಂದಿಟ್ಟುಕೊಂಡರೂ ದಿನಕ್ಕೆ 4,000 ರೂಪಾಯಿ ವ್ಯತ್ಯಾಸ. ವರ್ಷಕ್ಕೆ 200 ದಿನ ಮಿಲ್ಲು ನಡೆದರೆ 8 ಲಕ್ಷ. ಹೊಸ ಮಷೀನು ಬೇಡ, ಹೊಸ ಗಿರಾಕಿ ಬೇಡ. ನೂರರಲ್ಲಿ ಒಂದು ಕಾಳು ನುಚ್ಚಾಗದಿದ್ದರೆ ಸಾಕು.

ಆ ಒಂದು ಕಾಳು ಎಲ್ಲಿ ಹೋಗುತ್ತದೆ? ಮಿಲ್ಲಿನ ಕೆಲಸ ಗೊತ್ತಿದ್ದವರಿಗೆ ದಾರಿ ಗೊತ್ತು. ಕಾಳು ಬಂದು, ಸೋಸಿ, ಎಮರಿ ರೋಲರಿನಲ್ಲಿ ಸಿಪ್ಪೆಗೆ ಗೀರು ಬೀಳಿಸಿ, ಎಣ್ಣೆ ಸವರಿ, ರಾತ್ರಿ ಗುಡ್ಡೆ ಹಾಕಿ, ಅಂಗಳದಲ್ಲಿ ಎರಡು ಮೂರು ದಿನ ಒಣಗಿಸಿ, ಮತ್ತೆ ರೋಲರಿಗೆ ಹಾಕಿ, ನೀರು ಚಿಮುಕಿಸಿ, ಒಡೆಯುವುದು. ಇದರಲ್ಲಿ ಪ್ರತಿ ಹಂತಕ್ಕೂ ಒಬ್ಬ ಸಾಕ್ಷಿಯಿದ್ದಾರೆ. ಅಂಗಳದಲ್ಲಿ ಬರಿಗಾಲಲ್ಲಿ ಕಾಳು ಹರವುವ ಹೆಣ್ಣುಮಗಳ ಅಂಗಾಲಿಗೆ ಯಾವ ಮೂಲೆ ಹೆಚ್ಚು ಕಾಯುತ್ತದೆ, ಯಾವ ಮೂಲೆಗೆ ಗೋಡೆಯ ನೆರಳು ಬೀಳುತ್ತದೆ ಎಂಬುದು ಗೊತ್ತು. ಹಸಿ ಉಳಿದ ಕಾಳು ಸಿಪ್ಪೆ ಬಿಡುವುದಿಲ್ಲ, ಬಿಡಿಸಲು ಹೋದರೆ ಅಂಚು ಸವೆದು ಹುಡಿಯಾಗುತ್ತದೆ. ರೋಲರಿನ ಪಕ್ಕ ನಿಲ್ಲುವವನ ಕಿವಿ ಮಷೀನು ಗಟ್ಟಿ ಹಿಡಿದಿದೆಯೋ ಸಡಿಲವಿದೆಯೋ ಎಂದು ಹೇಳುತ್ತದೆ. ಚೀಲ ಇಳಿಸುವ ಹಮಾಲನಿಗೆ ಯಾವ ಊರಿನ ಮಾಲಿನಲ್ಲಿ ಕಲ್ಲು, ಯಾವುದರಲ್ಲಿ ಹಸಿ ಎಂಬುದು ಬೆನ್ನಿನ ಮೇಲೆಯೇ ತಿಳಿಯುತ್ತದೆ. ಮಾಲು ಮುಟ್ಟಿಸುವ ಟೆಂಪೋ ಚಾಲಕನಿಗೆ ತಾಂಡೂರಿನ ಯಾವ ಅಂಗಡಿಯವ ಚೀಲ ಬಿಚ್ಚಿ ಮೂಗು ಮುರಿದ ಎಂದು ಗೊತ್ತು.

ಮಾಲೀಕರಿಗೆ ಇವರೆಲ್ಲ ಬೇರೆ ಬೇರೆ. ಇವರನ್ನು ಹದಿನೈದು ದಿನಕ್ಕೊಮ್ಮೆ ಒಟ್ಟಿಗೆ ಕೂರಿಸಿ ನೋಡಿ. ಅಂಗಳದವಳು ‘ಆ ಮೂಲಿದು ಹಸಿ ಇರ್ತದ್ರಿ’ ಎಂದಾಗ ರೋಲರಿನವನು ‘ಅದಕ್ಕ ಮಧ್ಯಾಹ್ನದ ಮಾಲು ಹಿಡಿಯಂಗಿಲ್ಲ’ ಎನ್ನುತ್ತಾನೆ. ಇಬ್ಬರೂ ಅರ್ಧರ್ಧ ಹಿಡಿದುಕೊಂಡಿದ್ದ ಉತ್ತರ ಅಲ್ಲಿ ಕೂಡುತ್ತದೆ. ಆಮೇಲೆ ಬೇಕಾದರೆ ತಜ್ಞರ ಹತ್ತಿರ ಹೋಗಿ. ಮೈಸೂರಿನ ಸಿಎಫ್‌ಟಿಆರ್‌ಐ ಸಣ್ಣ ದಾಲ್ ಮಿಲ್ಲಿನ ತಂತ್ರಜ್ಞಾನ ರೂಪಿಸಿದ ಸಂಸ್ಥೆ, ಕಲಬುರಗಿಯಲ್ಲೇ ಕೃಷಿ ವಿಜ್ಞಾನ ಕೇಂದ್ರವಿದೆ. ಪ್ರಶ್ನೆ ಕೈಯಲ್ಲಿ ಹಿಡಿದು ಹೋದವರಿಗೆ ಅಲ್ಲಿ ಉತ್ತರ ಸಿಗುತ್ತದೆ. ‘ಇಳುವರಿ ಕಮ್ಮಿ ಅದ’ ಎಂದರೆ ಅವರು ಪುಸ್ತಕ ಕೊಡುತ್ತಾರೆ. ‘ಪಡುವಣ ಮೂಲೆಯ ಮಾಲು ಮಾತ್ರ ಹುಡಿಯಾಗ್ತದ’ ಎಂದರೆ ಕುರ್ಚಿ ಎಳೆದು ಕೂರಿಸುತ್ತಾರೆ.

ಉತ್ತರ ಕೊಡದಿದ್ದರೆ

ಹೆಚ್ಚಿನ ಮಾಲೀಕರು ಮುಗ್ಗರಿಸುವುದು ಕೇಳುವಲ್ಲಿ ಅಲ್ಲ, ಇಲ್ಲಿ. ಹುರುಪಿನಲ್ಲಿ ಒಂದು ದಿನ ಕೇಳುತ್ತಾರೆ, ಹತ್ತು ಮಾತು ಬರುತ್ತವೆ, ‘ನೋಡೂಣು’ ಎನ್ನುತ್ತಾರೆ. ನಮ್ಮ ಕಡೆ ‘ನೋಡೂಣು’ ಎಂದರೆ ಇಲ್ಲ ಎಂದೇ ಅರ್ಥ. ಆಳಿಗೂ ಅದು ಗೊತ್ತು. ಎರಡನೇ ಸಲ ಕೇಳಿದಾಗ ಮೂರು ಮಾತು ಬರುತ್ತವೆ. ಮೂರನೇ ಸಲ ‘ಎಲ್ಲಾ ಬರೋಬರಿ ಅದರಿ’. ಆಗ ಮಾಲೀಕರು, ‘ಈ ಮಂದಿಗಿ ತಲಿ ಇಲ್ಲ’ ಎಂದು ತೀರ್ಪು ಕೊಡುತ್ತಾರೆ.

ಒಂದು ನೂರು ಪುಟದ ನೋಟ್‌ಬುಕ್ ಸಾಕು. ಗಲ್ಲಾದ ಹತ್ತಿರ ನೇತಾಡಲಿ. ಪ್ರತಿ ಮಾತಿಗೂ ನಾಲ್ಕು ವಿಷಯ ಬರೆಯಿರಿ: ಯಾರು ಹೇಳಿದರು, ಏನು ಹೇಳಿದರು, ಯಾವ ತಾರೀಖು, ಏನು ಮಾಡಿದಿರಿ. ನಾಲ್ಕನೆಯದು ಎಂಟು ದಿನದೊಳಗೆ ತುಂಬಬೇಕು. ಅದು ‘ಆಗುವುದಿಲ್ಲ’ ಎಂದಿದ್ದರೂ ಸರಿ, ಕಾರಣ ಹೇಳಿ. ‘ನೀ ಹೇಳಿದ ಮೋಟರಿಗೆ ಮೂವತ್ತ ಸಾವಿರ ಬೇಕು, ಈ ವರ್ಷ ಕೈಯಾಗ ಇಲ್ಲ, ಮುಂದಿನ ತೊಗರಿ ಸುಗ್ಗಿಗೆ ನೆನಪ ಮಾಡು’ ಎಂದರೆ ಆ ಮನುಷ್ಯ ಬೇಸರಪಡುವುದಿಲ್ಲ. ನಿಜಕ್ಕೂ ನೆನಪು ಮಾಡುತ್ತಾನೆ. ಮೊದಲ ತಿಂಗಳು ದೊಡ್ಡದನ್ನು ಹಿಡಿಯಬೇಡಿ. ಬಲ್ಬು, ಕುಡಿಯುವ ನೀರಿನ ಜಾಗ, ಮುರಿದ ಕೈಗಾಡಿಯ ಗಾಲಿ, ಬಾಗಿಲಿಲ್ಲದ ಪಾಯಖಾನೆ ಇಂಥವು ಮೊದಲು ಬರುತ್ತವೆ. ‘ಇದೇನು ಐಡಿಯಾ, ಇದು ತಕರಾರು’ ಎಂದು ಮುಖ ಸಿಂಡರಿಸಬೇಡಿ. ಅವರು ನಿಮ್ಮನ್ನು ಪರೀಕ್ಷೆ ಮಾಡುತ್ತಿದ್ದಾರೆ. ಗಾಲಿ ರಿಪೇರಿಯಾದ ಮೇಲೆ ಎರಡನೇ ಸುತ್ತಿನಲ್ಲಿ ವ್ಯಾಪಾರದ ಮಾತು ಹೊರಡುತ್ತದೆ.

ಧೂಳಿನ ವಿಷಯ ಬಂದರೆ ಲೆಕ್ಕ ಹಾಕುತ್ತ ಕೂರಬೇಡಿ. ಕಲ್ಲು ಕೊರೆಯುವಾಗ ನೀರು ಬಿಡುವುದು, ಮೂಗಿಗೆ ಸರಿಯಾದ ಮಾಸ್ಕು, ಬೆಲ್ಟಿನ ಮೇಲೆ ಜಾಳಿಗೆ, ಇವುಗಳಿಗೆ ಲಾಭ ನಷ್ಟದ ಕಾಲಂ ಇಲ್ಲ. ಹೇಳಿದ ದಿನವೇ ಮಾಡಿ.

ವ್ಯಾಪಾರದ ಸಲಹೆಗಳನ್ನು ಮಾತ್ರ ಸಣ್ಣದಾಗಿ ಒರೆಹಚ್ಚಿ. ಒಂದೇ ಮಷೀನು, ಒಂದೇ ವಾರ. ಆದರೆ ಮೊದಲಿನ ಲೆಕ್ಕ ಕೈಯಲ್ಲಿರಲಿ. ದಿನಕ್ಕೆ ಎಷ್ಟು ಕಲ್ಲು ಒಡೆಯುತ್ತಿತ್ತು ಎಂದು ಬರೆದಿಟ್ಟಿರದಿದ್ದರೆ, ತಗ್ಗು ತೆಗೆದ ಮೇಲೆ ಕಮ್ಮಿಯಾಯಿತೋ ಇಲ್ಲವೋ ಎಂಬುದು ಬರೀ ಬಾಯಿಮಾತು. ಎಣಿಸುವ ಕೆಲಸವನ್ನು ಸಲಹೆ ಕೊಟ್ಟವರಿಗೇ ಒಪ್ಪಿಸಿ. ತನ್ನ ಮಾತು ಗೆದ್ದಿತೋ ಸೋತಿತೋ ಎಂದು ಅವನಷ್ಟು ಕಾಳಜಿಯಿಂದ ಇನ್ಯಾರೂ ಎಣಿಸುವುದಿಲ್ಲ. ಸೋತರೂ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಎರಡು ವರ್ಷ ಬಿಟ್ಟು ಇನ್ನೊಬ್ಬ ಅದನ್ನೇ ಹೇಳುತ್ತಾನೆ.

ಚದರಡಿಯ ಲೆಕ್ಕ

ಇದನ್ನು ಬಿಟ್ಟು ಮುಂದೆ ಹೋದರೆ ಮೋಸ ಮಾಡಿದಂತೆ. ನಮ್ಮ ಕಲ್ಲಿನ ಶೆಡ್ಡುಗಳಲ್ಲಿ ಕೂಲಿ ಬಹಳ ಕಡೆ ಚದರಡಿ ಲೆಕ್ಕದಲ್ಲಿದೆ, ಮಿಲ್ಲುಗಳಲ್ಲಿ ಚೀಲದ ಲೆಕ್ಕದಲ್ಲಿದೆ. ಕೆಲಸಗಾರನೊಬ್ಬ ದಿನಕ್ಕೆ ನೂರು ಬದಲು ನೂರಿಪ್ಪತ್ತು ಚದರಡಿ ಮಾಡುವ ಉಪಾಯ ಕಂಡುಹಿಡಿದ ಎಂದುಕೊಳ್ಳಿ. ಅವನ ದಿನದ ಗಳಿಕೆ ಹೆಚ್ಚುತ್ತದೆ. ಮಾಲೀಕರ ಕಣ್ಣಿಗೆ ಬೀಳುತ್ತದೆ. ‘ಈಗ ಕೆಲಸ ಹಗುರಾಗ್ಯದ’ ಎಂದು ರೇಟು ಇಳಿಸುತ್ತಾರೆ. ಈಗ ಅವನು ನೂರಿಪ್ಪತ್ತು ಮಾಡಿ ಮೊದಲಿನಷ್ಟೇ ಪಡೆಯುತ್ತಾನೆ. ಇದು ಒಂದೇ ಒಂದು ಸಲ ನಡೆದರೂ ಸಾಕು, ಆ ಶೆಡ್ಡಿನಲ್ಲಿ ಮುಂದಿನ ಹತ್ತು ವರ್ಷ ಯಾರೂ ಉಪಾಯ ಹೇಳುವುದಿಲ್ಲ. ಉಪಾಯ ಕಂಡವನು ಮಾಲೀಕರು ಬರುವ ಹೊತ್ತಿಗೆ ನಿಧಾನ ಮಾಡುವುದನ್ನೂ ಕಲಿಯುತ್ತಾನೆ. ಜಾಣತನ ಎಂದರೆ ಅದು.

ಹಾಗಾಗಿ ಕೇಳುವ ಮೊದಲೇ ಎರಡು ಮಾತು ಕೊಡಿ, ನಾಲ್ಕು ಜನರೆದುರು ಕೊಡಿ. ಒಂದು, ಸಲಹೆಯಿಂದ ಕೆಲಸ ಬೇಗ ಆದರೆ ರೇಟು ಇಳಿಸುವುದಿಲ್ಲ. ಎರಡು, ಸಲಹೆಯಿಂದ ಆಳು ಉಳಿದರೆ ಯಾರನ್ನೂ ಮನೆಗೆ ಕಳಿಸುವುದಿಲ್ಲ, ಬೇರೆ ಕೆಲಸಕ್ಕೆ ಹಾಕುತ್ತೇನೆ. ಈ ಎರಡು ಮಾತು ಕೊಡಲು ಧೈರ್ಯವಿಲ್ಲದಿದ್ದರೆ ನೋಟ್‌ಬುಕ್ ಕೊಳ್ಳುವ ಖರ್ಚೂ ದಂಡ.

ಬಹುಮಾನ ಎಷ್ಟು ಎಂದು ಕೇಳುತ್ತಾರೆ. ಹೇಳಿದ ಪ್ರತಿ ಮಾತಿಗೂ ಚಹಾ ಚೂಡಾದಷ್ಟು ಸಣ್ಣದೊಂದು, ಜಾರಿಗೆ ತಂದದ್ದಕ್ಕೆ ಒಂದು ದಿನದ ಹಾಜರಿ, ಲೆಕ್ಕಕ್ಕೆ ಸಿಗುವಂತೆ ಹಣ ಉಳಿಸಿದ್ದಕ್ಕೆ ಮೊದಲ ಮೂರು ತಿಂಗಳ ಉಳಿತಾಯದಲ್ಲಿ ಹತ್ತರಲ್ಲಿ ಒಂದು ಪಾಲು: ಸಣ್ಣ ಘಟಕಕ್ಕೆ ಇದು ಹೊರೆಯಾಗದ ಲೆಕ್ಕ ಎಂದು ನನ್ನ ಅಭಿಪ್ರಾಯ. ದೀಪಾವಳಿ ಬೋನಸ್ಸಿನ ಜೊತೆ ಇದನ್ನು ಕಲಸಬೇಡಿ. ಬೋನಸ್ಸು ಅವರ ಹಕ್ಕು, ಇದು ಅವರ ಬುದ್ಧಿಗೆ ಕೊಟ್ಟ ಬೆಲೆ. ಅಂಗಳದ ಹೆಣ್ಣುಮಗಳೂ ರೋಲರಿನವನೂ ಕೂಡಿ ಹೇಳಿದ್ದಾದರೆ ಇಬ್ಬರಿಗೂ ಹಂಚಿ. ಬಾಯಿ ಜೋರಿದ್ದವನ ಪಾಲಾಗದಂತೆ ನೋಡಿಕೊಳ್ಳಿ. ಮುಕಾದಮನ ಮೇಲೂ ಒಂದು ಕಣ್ಣಿರಲಿ. ಆಳು ಹೇಳಿದ್ದನ್ನು ‘ನನ್ನ ವಿಚಾರರೀ’ ಎಂದು ಒಪ್ಪಿಸುವ ಮುಕಾದಮರು ಎಲ್ಲ ಊರಲ್ಲೂ ಇದ್ದಾರೆ. ಹೆಸರು ಬಹಳ ದೊಡ್ಡದು. ‘ಕಾಕಾನ ತಗ್ಗು’ ಎಂದು ಶೆಡ್ಡಿನಲ್ಲಿ ಕರೆಯಲು ಶುರುಮಾಡಿದರೆ ಅದಕ್ಕೆ ಸಮನಾದ ಸರ್ಟಿಫಿಕೇಟ್ ಇಲ್ಲ.

ಒಬ್ಬನೇ ಹುಡುಗನಿರುವ ಅಂಗಡಿ

ಕುಂಚಾವರಂ ಬಜಾರಿನ ಕಿರಾಣಿಯವರು, ‘ನಮಗ ಇರೋದೇ ಒಬ್ಬ ಹುಡುಗ, ನಮಗ್ಯಾಕ ಇದು?’ ಎನ್ನಬಹುದು. ಅವರಿಗೆ ನೋಟ್‌ಬುಕ್ಕೂ ಬೇಡ, ಒಂದು ಹಳೇ ಕ್ಯಾಲೆಂಡರಿನ ಬೆನ್ನು ಸಾಕು. ಗಿರಾಕಿ ಕೇಳಿ, ನಿಮ್ಮಲ್ಲಿ ಇಲ್ಲದೆ ಹೋದ ಸಾಮಾನಿನ ಹೆಸರನ್ನು ಹುಡುಗ ಅದರ ಮೇಲೆ ಬರೆಯಲಿ. ನೀವು ಗಲ್ಲಾದಲ್ಲಿ ಕೂತಾಗ ‘ಇಲ್ಲ’ ಎಂದು ಹೇಳಿ ಮರೆಯುತ್ತೀರಿ, ಬಾಗಿಲಲ್ಲಿ ನಿಂತವನಿಗೆ ನೆನಪಿರುತ್ತದೆ. ತಿಂಗಳ ಕೊನೆಗೆ ಐದು ಸಲ ಬಂದ ಹೆಸರು ಯಾವುದು ನೋಡಿ, ಅದನ್ನು ತರಿಸಿ. 2011ರಲ್ಲಿ ಕುಂಚಾವರಂ ಸುತ್ತಲಿನ ಕಾಡು ಚಿಂಚೋಳಿ ವನ್ಯಜೀವಿಧಾಮವಾದ ಮೇಲೆ ಚಂದ್ರಂಪಳ್ಳಿ ಡ್ಯಾಮು, ಎತ್ತಿಪೋತ ಜಲಪಾತ ನೋಡಲು ಮಳೆಗಾಲದಲ್ಲಿ ಕಾರುಗಳು ಬರುತ್ತವೆ. ಆ ಜನ ಏನು ಕೇಳುತ್ತಾರೆ, ಯಾವುದಕ್ಕೆ ಎಷ್ಟು ಕೊಡಲು ಸಿದ್ಧರಿದ್ದಾರೆ ಎಂಬುದು ಅವರ ಕಾರಿನವರೆಗೆ ನೀರಿನ ಬಾಟಲಿ ಒಯ್ದುಕೊಟ್ಟ ಹುಡುಗನಿಗೇ ಗೊತ್ತು.

ರೊಟ್ಟಿ ಮಾಡುವ ಹೆಣ್ಣುಮಕ್ಕಳ ಗುಂಪುಗಳಿಗೂ ಇದೇ ಮಾತು. ಜಿಲ್ಲಾಡಳಿತ ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಡಿ ಸ್ವಸಹಾಯ ಗುಂಪುಗಳ ಜೋಳದ ರೊಟ್ಟಿಯನ್ನು ದೂರದ ಊರುಗಳಿಗೆ ಮುಟ್ಟಿಸತೊಡಗಿದೆ. ಫರಸಿಯ ಹಾಗೆ ಖಡಕ್ ರೊಟ್ಟಿಯೂ ಒಡೆಯುವ ಮಾಲು, ಅದೂ ದಾರಿಯಲ್ಲೇ! ಡಬ್ಬಿಯೊಳಗೆ ಎಷ್ಟು ಜೋಡಿಸಬೇಕು, ಯಾವ ಜೋಳದ ಹಿಟ್ಟು ಬಿರಿಯುವುದಿಲ್ಲ, ಎಸರು ಎಷ್ಟು ಕುದಿಯಬೇಕು ಎಂಬುದನ್ನು ಬಡಿಯುವ ಕೈಗಳನ್ನೇ ಕೇಳಬೇಕು. ಗುಂಪಿನ ಅಧ್ಯಕ್ಷೆ ಮಾತಾಡಿ ಉಳಿದವರು ತಲೆಯಾಡಿಸುವ ಸಭೆಯಿಂದ ಏನೂ ಹೊರಡುವುದಿಲ್ಲ. ಬಡಿಯುತ್ತ ಬಡಿಯುತ್ತ ಆಡುವ ಮಾತಿಗೆ ಕಿವಿಕೊಡಿ.

ಸರ್ಕಾರದ ಕಡೆಯಿಂದ ಒಂದು ಉಪಯೋಗದ ವಿಷಯ. ಉದ್ಯಮ್ ನೋಂದಣಿ ಇರುವ ಉತ್ಪಾದನಾ ಘಟಕಗಳಿಗಾಗಿ ಕೇಂದ್ರದ ಎಂಎಸ್‌ಎಂಇ ಸಚಿವಾಲಯ 2023ರ ಮಾರ್ಚ್‌ನಲ್ಲಿ ‘ಲೀನ್’ ಯೋಜನೆ ಹೊಸದಾಗಿ ತಂದಿತು. ದಂಡವಾಗುವುದನ್ನು ಕಡಿಮೆ ಮಾಡುವ, ಕೆಲಸದ ಜಾಗ ಒಪ್ಪವಾಗಿಡುವ, ಕಾರ್ಮಿಕರ ಸಲಹೆ ಜಾರಿಗೆ ತರುವ ವಿಧಾನಗಳನ್ನು ಸಲಹೆಗಾರರು ನಿಮ್ಮ ಘಟಕಕ್ಕೇ ಬಂದು ಕಲಿಸುತ್ತಾರೆ. ಜಾರಿಗೆ ತರುವ ಆ ಖರ್ಚಿನಲ್ಲಿ ಶೇ. 90 ಕೇಂದ್ರವೇ ಭರಿಸುತ್ತದೆ. 2025ರ ಏಪ್ರಿಲ್ 1ರಿಂದ ಯಂತ್ರೋಪಕರಣಕ್ಕೆ ಎರಡೂವರೆ ಕೋಟಿಯವರೆಗೆ ಬಂಡವಾಳ, ಹತ್ತು ಕೋಟಿಯವರೆಗೆ ವಹಿವಾಟು ಇರುವುದೆಲ್ಲ ಅತಿಸಣ್ಣ ಉದ್ಯಮವೇ ಆದ್ದರಿಂದ ನಮ್ಮ ಬಹುಪಾಲು ಶೆಡ್ಡು, ಮಿಲ್ಲುಗಳು ಇದರೊಳಗೆ ಬರುತ್ತವೆ. ಕಲಬುರಗಿಯ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಿ. ಸಲಹೆಗಾರರು ಬಂದ ದಿನ ಮಾತ್ರ ನೀವೊಬ್ಬರೇ ಕೂತು ಮಾತಾಡಬೇಡಿ, ಲೋಡಿಂಗಿನವರನ್ನೂ ಕೂರಿಸಿಕೊಳ್ಳಿ. ಅದಕ್ಕಿಂತ ಅಗ್ಗದ ದಾರಿ ಬೇಕಿದ್ದರೆ ಸೇಡಂ, ವಾಡಿಯ ಸಿಮೆಂಟ್ ಕಾರ್ಖಾನೆಗಳಿಂದ ನಿವೃತ್ತರಾದ ಒಬ್ಬ ಫೋರ್‌ಮನ್ನರನ್ನು ತಿಂಗಳಿಗೆ ನಾಲ್ಕು ದಿನ ಕರೆಸಿ. ಹಾಗೆ ಕೂತು ಕೇಳುವುದು ಅವರಿಗೆ ಅಭ್ಯಾಸ.

ಶಹಾಬಾದಿನ ಆ ಶೆಡ್ಡಿಗೆ ಮೊನ್ನೆ ಹೋಗಿದ್ದೆ. ಗೇಟಿನ ಬದಿಯ ಗುಡ್ಡೆ ಪೂರ್ತಿ ಹೋಗಿಲ್ಲ, ಮೊಣಕಾಲೆತ್ತರಕ್ಕೆ ಇಳಿದಿದೆ. ಲಾರಿ ನಿಲ್ಲುವ ಜಾಗ ಈಗ ಮೂರು ಅಡಿ ತಗ್ಗಿನಲ್ಲಿದೆ. ಮಳೆ ಬಂದರೆ ಅಲ್ಲಿ ನೀರು ನಿಲ್ಲುತ್ತದೆ, ಹಿಂದಿನ ಗಾಲಿ ಹೂತುಕೊಳ್ಳುತ್ತದೆ. ಅದಕ್ಕೇನು ಮಾಡಬೇಕೆಂದು ಮಾಲೀಕರು ಕಾಕಾನನ್ನೂ ಲಾರಿಯ ಕ್ಲೀನರ್ ಹುಡುಗನನ್ನೂ ನಿಲ್ಲಿಸಿಕೊಂಡು ಕೇಳುತ್ತಿದ್ದರು.